ಘಾಟಿಯಲ್ಲಿ ಕಡವೆ ಅಡ್ಡ ಬಂದರೆ ಸ್ಟೇರಿಂಗ್ ಎಳೆಯಬೇಡಿ

ಉಡುಪಿ, ಮಂಗಳೂರು ಕಡೆಯವರು ಶೃಂಗೇರಿ, ಹೊರನಾಡಿಗೆ ಹೊರಡುವುದೇ ಬೆಳಗಿನ ಜಾವ ನಾಲ್ಕಕ್ಕೆ. ವಾಪಸ್ ಬರುವುದು ಕತ್ತಲಾದ ಮೇಲೆ. ಕಡವೆ, ಜಿಂಕೆ, ಕಾಡುಕುರಿ ಮೇಯಲು ಹೊರಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅದಕ್ಕೇ ಹೆಬ್ರಿ ದಾಟಿದ ಮೇಲಿನ ಸೋಮೇಶ್ವರ, ಆಗುಂಬೆ, ಆಮೇಲೆ ಮಾಳದಿಂದ ಕುದುರೆಮುಖ, ಚಾರ್ಮಾಡಿ, ಕೊಲ್ಲೂರು ಘಾಟಿ, ಇವನ್ನೆಲ್ಲ ಬೆಳಕಿರುವಾಗಲೇ ದಾಟುವ ಹಾಗೆ ಹೊರಡಿ. ಒಂದು ಗಂಟೆ ತಡವಾದರೆ ದೇವರೇನು ಎದ್ದು ಹೋಗುವುದಿಲ್ಲ.

ಕತ್ತಲಲ್ಲೇ ಹೋಗಬೇಕಾಯಿತು ಅನ್ನಿ. ವೇಗ 40ರ ಒಳಗಿರಲಿ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ಅಂದರೆ ಪ್ರಾಣಿ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ, ಗಾಡಿ ನಿಲ್ಲಲು ಬೇಕಾದ ದೂರ ಅದರ ಮೇಲೆ ಬೇರೆ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ.

ನೋಡಬೇಕಾದ್ದು ರಸ್ತೆಯ ನಡುವೆ ಅಲ್ಲ, ಅಂಚಿನಲ್ಲಿ. ಅಲ್ಲಿ ಮರ ಕಡಿಮೆ, ಬಿಸಿಲು ಬೀಳುತ್ತದೆ, ಎಳೆ ಹುಲ್ಲು ಬರುತ್ತದೆ. ಮೇವು ಅಲ್ಲೇ. ಎದುರಿಗೆ ಗಾಡಿ ಇಲ್ಲದಾಗ ಹೈ ಬೀಮ್ ಹಾಕಿದರೆ ಕಣ್ಣು ಹೊಳೆಯುವುದು ಕಾಣುತ್ತದೆ. ರಸ್ತೆ ಬದಿಯ ರಿಫ್ಲೆಕ್ಟರ್ ಸಾಲಾಗಿ, ಒಂದೇ ಎತ್ತರದಲ್ಲಿರುತ್ತದೆ. ಕಣ್ಣು ಹಾಗಲ್ಲ, ಒಮ್ಮೆ ಮಾಯವಾಗಿ ಪಕ್ಕದಲ್ಲೆಲ್ಲೋ ಮತ್ತೆ ಹೊಳೆಯುತ್ತದೆ. ಮಂಡಿ ಎತ್ತರಕ್ಕಿದ್ದರೆ ಕಾಡುಕುರಿ ಇರಬಹುದು. ಎದೆ ಎತ್ತರಕ್ಕಿದ್ದರೆ ಕಡವೆ. ಮಂಜು ಇದ್ದರೆ ಮಾತ್ರ ಹೈ ಬೀಮ್ ಬೇಡ, ಬೆಳಕು ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ.

ಕಂಡಿತು ಅಂದ ಕೂಡಲೇ ನಿಧಾನ ಮಾಡಿ, ಡಿಮ್ ಮಾಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಜೋರು ಬೆಳಕು ಬಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ, ನಿಂತಲ್ಲೇ ನಿಂತುಬಿಡುತ್ತದೆ. ಆಮೇಲೆ ಯಾವ ಕಡೆ ಹಾರುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಅರ್ಧ ದಾಟಿದ್ದು ತಿರುಗಿ ನಿಮ್ಮ ಕಡೆಗೇ ಓಡಿ ಬರುವುದೂ ಉಂಟು. ಹಾರ್ನ್ ಒಂದೆರಡು ಸಲ ಸಾಕು, ಒತ್ತಿ ಹಿಡಿಯಬೇಡಿ.

ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತುವವರೇ ಜಾಸ್ತಿ, ಅಲ್ವಾ? ಅಲ್ಲೇ ಎಡವಟ್ಟು. ಚುಕ್ಕೆ ಜಿಂಕೆ ಹಿಂಡಾಗಿ ಓಡಾಡುತ್ತದೆ, ಹೆಣ್ಣು ಕಡವೆಯ ಹಿಂದೆ ಮರಿ ಇರುತ್ತದೆ, ಮುಂದೆ ಹೋದದ್ದನ್ನು ಹಿಂದಿನದು ಹೇಗೂ ಸೇರಿಕೊಳ್ಳಲೇಬೇಕು, ನಿಮ್ಮ ಗಾಡಿ ಅದರ ಲೆಕ್ಕಕ್ಕೇ ಇಲ್ಲ. ಬಂದ ಕಡೆಯ ಪೊದೆ ನೋಡುತ್ತಾ ಸ್ವಲ್ಪ ಹೊತ್ತು ಕಾಯಿರಿ.

ತೀರಾ ಹತ್ತಿರ ಬಂದುಬಿಟ್ಟರೆ? ನೇರವಾಗಿಯೇ ಇದ್ದು ಗಟ್ಟಿ ಬ್ರೇಕ್ ಹಾಕಿ. ಪಕ್ಕಕ್ಕೆ ಎಳೆದರೆ ಒಂದು ಕಡೆ ಕಣಿವೆ, ಇನ್ನೊಂದು ಕಡೆ ಬಂಡೆ ಇಲ್ಲವೇ ಎದುರಿಂದ ಬರುವ ಬಸ್ಸು. ಬೈಕಿನವರು ಎರಡೂ ಬ್ರೇಕ್ ಹಿಡಿಯಿರಿ, ತಿರುವಿನ ಒಳಗೆ ಮಾತ್ರ ಹುಷಾರು. ಬೆಳೆದ ಗಂಡು ಕಡವೆ 200 ಕೆ.ಜಿ. ದಾಟುತ್ತದೆ, ಕಾಲು ಉದ್ದ. ಕಾರಿನ ಬಂಪರ್ ಕಾಲಿಗೆ ಬಡಿದರೆ ಮೈ ಬಾನೆಟ್ ಮೇಲಿಂದ ಗಾಜಿಗೆ ಬರುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿ. ಬಂಪರಿಗೆ ಸಿಕ್ಕಿಸುವ ಪೀಪಿ ಮಾರುತ್ತಾರೆ, ಅದಕ್ಕೆ ಪ್ರಾಣಿ ದೂರ ಹೋಗುತ್ತದೆ ಅಂತ ಯಾರೂ ಸರಿಯಾಗಿ ತೋರಿಸಿಕೊಟ್ಟಿಲ್ಲ. ಸುಮ್ನೆ ದುಡ್ಡು ದಂಡ.

ಬಡಿದೇಬಿಟ್ಟರೆ ಗಾಡಿ ಬದಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಉರಿಸಿ. ಪ್ರಾಣಿ ಹತ್ತಿರ ಹೋಗಬೇಡಿ, ಸತ್ತಂತೆ ಬಿದ್ದದ್ದು ಎದ್ದು ಒದೆಯಬಹುದು. ಅರಣ್ಯ ಇಲಾಖೆಯ 1926, ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಿ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳಿ. ಯಾರಾದರೂ ನಿಲ್ಲಿಸಿ ಮಾಂಸದ ಮಾತಾಡಿದರೆ ದೂರ ಇರಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಜೈಲಿನ ಕೇಸು. ಗಾಡಿಯ ಫೋಟೋ ತೆಗೆದಿಟ್ಟುಕೊಳ್ಳಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ದರೆ ರಿಪೇರಿ ಖರ್ಚು ನಿಮ್ಮದೇ.