ಮೈಸೂರಿನಿಂದ ಷಿಕಾಗೋಗೆ ಓದಲು ಹೊರಟಾಗ: ಲಗೇಜು, ಕಾಗದ, ಗಡಿಯಾರ

ಟಿಕೆಟ್ಟಿನಲ್ಲಿ ಆಗಸ್ಟ್ 10, ಬೆಳಗಿನ ಜಾವ 3:40 ಎಂದಿದ್ದರೆ ಮೈಸೂರು ಬಿಡಬೇಕಾದ್ದು 9ರ ಸಂಜೆ. ನಮಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಮೂರು ಗಂಟೆಯ ಜಾವ ನಮ್ಮ ಲೆಕ್ಕದಲ್ಲಿ ಇನ್ನೂ ಹಿಂದಿನ ರಾತ್ರಿಯೇ. ಏರ್‌ಲೈನಿಗೆ ಮಾತ್ರ ರಾತ್ರಿ 12ಕ್ಕೇ ತಾರೀಖು ಬದಲು. ಬೆಂಗಳೂರಿನಿಂದ ಗಲ್ಫ್, ಯುರೋಪಿನ ಕಡೆ ಹೋಗುವ ಎಷ್ಟೋ ವಿಮಾನಗಳು ಈ ಹೊತ್ತಿನಲ್ಲೇ ಏಳುವುದರಿಂದ ಒಂದು ದಿನ ತಪ್ಪಿಹೋಗುವ ಅಪಾಯ ಇಲ್ಲಿಯೇ ಇದೆ. ನಾನು ಕ್ಯಾಲೆಂಡರಿನಲ್ಲಿ 10ನ್ನು ಗುರುತು ಮಾಡಲೇ ಇಲ್ಲ. 9ರ ಚೌಕದಲ್ಲಿ ‘ಸಂಜೆ 6ಕ್ಕೆ ಮನೆ ಬಿಡುವುದು’ ಎಂದು ಬರೆದು ಮನೆಯವರಿಗೆಲ್ಲ ಅದೊಂದನ್ನೇ ಹೇಳಿದೆ.

ಆರು ಗಂಟೆ ಹೇಗೆ ಬಂತು ಎಂದರೆ, ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ ವಿಮಾನಕ್ಕೆ ಒಂದು ಗಂಟೆ ಮುಂಚೆ. ಆಗಸ್ಟ್ ವಿದ್ಯಾರ್ಥಿಗಳ ಹೊತ್ತು, ಸಾಲು ಉದ್ದ. ಹಾಗಾಗಿ 12ಕ್ಕೆ ಟರ್ಮಿನಲ್ ಬಾಗಿಲಲ್ಲಿರಬೇಕು. ಮೈಸೂರಿನಿಂದ ದೇವನಹಳ್ಳಿ ಕಡೆಗೆ ನಾಲ್ಕೂವರೆ ಗಂಟೆ ಹಿಡಿಯಿರಿ, ಮೇಲೆ ಒಂದೂವರೆ ಗಂಟೆ ಕೈಯಲ್ಲಿ. ಹೊಸ ಹೈವೇ ಬಂದ ಮೇಲೆ ಬೆಂಗಳೂರಿನ ಅಂಚು ಬೇಗ ಸಿಗುತ್ತದೆ ನಿಜ, ಸಮಯ ತಿನ್ನುವುದು ಆಮೇಲಿನ ದಾರಿ. ಕೆಂಗೇರಿ ಬಳಿ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬಂದರೂ ಹೆಬ್ಬಾಳದಲ್ಲಿ ನಿಲ್ಲಬೇಕಾಗಬಹುದು. ಕೆಎಸ್‌ಆರ್‌ಟಿಸಿ ಫ್ಲೈಬಸ್ ಆದರೆ ಬೇಕಾದ ಬಸ್ಸಿಗಿಂತ ಒಂದು ಮುಂಚಿನದನ್ನೇ ಬುಕ್ ಮಾಡಿ. ಮಂಡ್ಯದವರು ಒಂದು ಗಂಟೆ ತಡವಾಗಿ ಹೊರಟರೂ ನಡೆಯುತ್ತದೆ.

ಇದೆಲ್ಲಕ್ಕಿಂತ ಮುಂಚೆ ಹೆಸರು. ನಮ್ಮ ಕಡೆ ಹೆಸರಿನ ಜೊತೆ ಊರು, ತಂದೆಯ ಇನಿಷಿಯಲ್; ಸರ್‌ನೇಮ್ ಎನ್ನುವುದು ಬಹಳ ಮನೆಗಳಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಆಗಿಬಿಡುತ್ತದೆ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಟಿಕೆಟ್ ಬುಕ್ ಮಾಡುವಾಗ ಸರ್‌ನೇಮ್ ತುಂಬದೆ ಪುಟ ಮುಂದಕ್ಕೆ ಹೋಗುವುದಿಲ್ಲ. ಆಗ ತಂದೆಯ ಹೆಸರು ತುಂಬಿಸಿದರೆ ಟಿಕೆಟ್ಟಿಗೂ ಪಾಸ್‌ಪೋರ್ಟಿಗೂ ತಾಳೆಯಾಗದೆ ಕೌಂಟರಿನಲ್ಲಿ ತೊಂದರೆ. ಕೆಲವು ಏರ್‌ಲೈನ್‌ಗಳು ಒಂದೇ ಹೆಸರನ್ನು ಎರಡೂ ಕಡೆ ಹಾಕಿ ಎನ್ನುತ್ತವೆ, ಕೆಲವು ಎಫ್‌ಎನ್‌ಯು ಒಪ್ಪುತ್ತವೆ. ಫೋನ್ ಮಾಡಿ ಕೇಳಿ, ಆಮೇಲೆ ದುಡ್ಡು ಕಟ್ಟಿ. ಯೂನಿವರ್ಸಿಟಿಗೆ ಅರ್ಜಿ ಹಾಕುವುದಕ್ಕೆ ಮುಂಚೆ ಪಾಸ್‌ಪೋರ್ಟನ್ನೇ ಸರಿಮಾಡಿಸಿಕೊಳ್ಳುವಷ್ಟು ಕಾಲಾವಕಾಶ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ನಾಲ್ಕು ಸಾವಿರ ಉಳಿಯಿತೆಂದು ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಯಾರೂ ಜವಾಬ್ದಾರರಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕೋರ್ಸ್ ಶುರುವಾಗುವ 30 ದಿನಕ್ಕಿಂತ ಮುಂಚೆ ಅಮೆರಿಕ ಪ್ರವೇಶಿಸುವಂತಿಲ್ಲ. ಆ ತಾರೀಖು ಐ-20ಯಲ್ಲಿ, ಅಂದರೆ ಅಲ್ಲಿನ ಯೂನಿವರ್ಸಿಟಿ ಕಳಿಸುವ ಪ್ರವೇಶದ ಕಾಗದದಲ್ಲಿ, ಇರುತ್ತದೆ, ಟಿಕೆಟ್ಟಿಗೆ ಮುಂಚೆ ಅದನ್ನು ನೋಡಿ. ಊಟ ಆರಿಸುವಾಗ ‘ಹಿಂದೂ ಮೀಲ್’ ಎಂದಿರುವುದು ಸಸ್ಯಾಹಾರವಲ್ಲ, ಅದರಲ್ಲಿ ಕೋಳಿ, ಮೀನು ಇರಬಹುದು. ನಮ್ಮ ಸಸ್ಯಾಹಾರದ ಕೋಡ್ ಎವಿಎಂಎಲ್. ಒಂದು ದಿನ ಮುಂಚಿತವಾಗಿಯೇ ಹೇಳಿರಬೇಕು.

ಈಗ ಲಗೇಜು. ಅಮೆರಿಕಕ್ಕೆ ಸಾಮಾನ್ಯವಾಗಿ 23 ಕಿಲೋದ ಎರಡು ಸೂಟ್‌ಕೇಸು, ಕೈಚೀಲ ಹೆಚ್ಚಿನ ಕಡೆ 7 ಕಿಲೋ. ಖಾಲಿ ಸೂಟ್‌ಕೇಸೇ ನಾಲ್ಕು ಕಿಲೋ ತೂಗುತ್ತದೆ, ಆದ್ದರಿಂದ ನಿಮಗೆ ಸಿಗುವುದು 19. ಮನೆಯ ಕಾಟಾಕ್ಕೂ ಕೌಂಟರಿನದಕ್ಕೂ ಅರ್ಧ ಕಿಲೋ ಆಚೀಚೆ ಆಗುತ್ತದೆ, ನಾನು 22ಕ್ಕೆ ನಿಲ್ಲಿಸಿದೆ. ಎರಡೂ ಪೆಟ್ಟಿಗೆಯಲ್ಲಿ ಬಟ್ಟೆ ಅರ್ಧರ್ಧ ಇಡಿ, ಒಂದು ತಡವಾಗಿ ಬಂದರೂ ಉಡಲು ಇರುತ್ತದೆ. ಮಿಕ್ಸಿ, ಎಲೆಕ್ಟ್ರಿಕ್ ಕುಕ್ಕರ್ ಖಂಡಿತ ಬೇಡ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಮೂರು ಲೀಟರಿನ ಪ್ರೆಷರ್ ಕುಕ್ಕರ್ ಮಾತ್ರ ತೆಗೆದುಕೊಂಡು ಹೋಗಿ, ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇರಲಿ. ಅದರ ಹೊಟ್ಟೆಯೊಳಗೇ ಪುಡಿಗಳನ್ನು ತುಂಬಬಹುದು.

ಉಪ್ಪಿನಕಾಯಿಗೆ ಬಹಳ ಜನ ಮೋಸಹೋಗುತ್ತಾರೆ. ಊಟಿಗೆ ಹೋಗುವಾಗ ಘಾಟಿ ಹತ್ತುತ್ತಿದ್ದಂತೆ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದಷ್ಟೇ ಇರುತ್ತದೆ, ಅಂದರೆ ಊಟಿಗಿಂತ ತುಸು ಮೇಲೆ. ಮೈಸೂರಿನಲ್ಲಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಅಲ್ಲಿ ಸುಮಾರು ಕಾಲುಭಾಗ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ನೂಕುತ್ತದೆ. ಮುಚ್ಚಳ ಎಷ್ಟು ಬಿಗಿ ಮಾಡಿದರೂ ಎಣ್ಣೆ ಒಸರುವುದು ಇದಕ್ಕೇ. ಆದ್ದರಿಂದ ಬಾಟಲಿ ಬಿಟ್ಟು ದಪ್ಪ ಜಿಪ್ ಕವರಿಗೆ ಕಾಲು ಕಿಲೋದಂತೆ ಹಾಕಿ, ಅಂಗೈಯಲ್ಲಿ ಒತ್ತಿ ಗಾಳಿಯನ್ನೆಲ್ಲ ಹೊರಡಿಸಿ, ಇನ್ನೊಂದು ಕವರಿನಲ್ಲಿಟ್ಟು, ನ್ಯೂಸ್‌ಪೇಪರ್ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ.

ಸಾರಿನ ಪುಡಿ, ರಾಗಿ ಹಿಟ್ಟು ಕೈಚೀಲದಲ್ಲಿ ಬೇಡವೇ ಬೇಡ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಬೇರೆ ತಪಾಸಣೆ, ಅನುಮಾನ ಬಂದರೆ ಕಸದ ಬುಟ್ಟಿಗೆ. ಕೊಬ್ಬರಿ ಗಿಟುಕು ಯಾವ ಚೀಲದಲ್ಲೂ ಇಡಬೇಡಿ, ಎಣ್ಣೆಯ ಅಂಶದಿಂದ ಬೇಗ ಬೆಂಕಿ ಹತ್ತುತ್ತದೆ ಎಂದು ತಡೆಯುತ್ತಾರೆ. ಹಸಿ ಕರಿಬೇವು ನಿಂಬೆ ಜಾತಿಯ ಗಿಡಗಳ ರೋಗ ತರುತ್ತದೆಂದು ಅಮೆರಿಕದಲ್ಲಿ ನಿಷಿದ್ಧ. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್ ಎಂದರೆ ಸುಮಾರು 74 ವಾಟ್‌ಅವರ್, ಮಿತಿ 100.

ಹೊರಡುವ ಗಳಿಗೆಯಲ್ಲಿ ಹಿರಿಯರು ಪ್ರೀತಿಯಿಂದ ಕೈಚೀಲಕ್ಕೆ ಹಾಕಿಬಿಡುವ ವಸ್ತುಗಳ ಮೇಲೆ ಕಣ್ಣಿರಲಿ: ಪೂಜೆಯ ತೆಂಗಿನಕಾಯಿ, ವೀಳ್ಯದೆಲೆ, ಮಲ್ಲಿಗೆ, ಬಾಳೆಹಣ್ಣು. ಆಶೀರ್ವಾದ ಪಡೆದು, ಹಣ್ಣನ್ನು ದಾರಿಯಲ್ಲಿ ತಿಂದು, ಉಳಿದುದನ್ನು ಬೀಳ್ಕೊಡಲು ಬಂದವರ ಕೈಗೆ ಕೊಟ್ಟುಬಿಡಿ. ಅವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ, ಆದರೂ ಇಮಿಗ್ರೇಷನ್ ಮುಗಿಯಿತು ಎಂಬ ಫೋನ್ ಬರುವವರೆಗೆ ಅವರು ಹಿಂತಿರುಗಬಾರದು.

ಪಾಸ್‌ಪೋರ್ಟ್, ಸಹಿ ಹಾಕಿದ ಐ-20, ಸೇವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ) ಶುಲ್ಕದ ರಸೀದಿ, ಹಣದ ದಾಖಲೆ, ಉಳಿಯುವ ವಿಳಾಸ, ಇವು ಭುಜಕ್ಕೆ ತಗಲಿದ ಚೀಲದಲ್ಲಿರಲಿ. ಇಲ್ಲಿನ ಯೂನಿವರ್ಸಿಟಿ ಕೊಟ್ಟ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ದಾಖಲೆ) ಲಕೋಟೆಯ ಸೀಲ್ ಒಡೆಯಬಾರದು, ಒಡೆದರೆ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಡಾಲರ್ ನೋಟು ಒಂದು ಪ್ರಯಾಣಕ್ಕೆ 3,000 ಮೀರುವಂತಿಲ್ಲ, ಅಷ್ಟು ಬೇಕಾಗುವುದೂ ಇಲ್ಲ. ಹತ್ತು, ಇಪ್ಪತ್ತರ ನೋಟಿನಲ್ಲಿ ಐನೂರು ಸಾಕು, ಉಳಿದುದು ಡಾಲರ್ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿಗೆ.

ಕೌಂಟರಿನಲ್ಲಿ ಪೆಟ್ಟಿಗೆಗೆ ಸುತ್ತುವ ಟ್ಯಾಗನ್ನು ಬಗ್ಗಿ ಓದಿ. ಕೊನೆಯ ಊರಿನ ಮೂರಕ್ಷರ ನಿಮ್ಮದೇ ಇದೆಯೇ ನೋಡಿ. ಷಿಕಾಗೋ ಆದರೆ ಓಆರ್‌ಡಿ. ಟ್ಯಾಗಿನ ತುಂಡನ್ನು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿ ಕೊಡುತ್ತಾರೆ. ಪೆಟ್ಟಿಗೆ ಬಾರದಿದ್ದರೆ ಆ ನಂಬರೇ ಆಧಾರ, ಫೋಟೋ ತೆಗೆದಿಡಿ.

ವಿಮಾನದೊಳಗಿನದು ಕಾಯುವ ಕೆಲಸ. ದೋಹಾ ಮೂಲಕ ಹೋದರೆ ಅಲ್ಲಿಗೆ ನಾಲ್ಕೂವರೆ ಗಂಟೆ, ಅಲ್ಲಿಂದ ಮುಂದೆ ಹದಿನಾಲ್ಕರ ಮೇಲೆ. ಗಾಳಿ ಬಹಳ ಒಣ, ನೀರು ಕೇಳಿ ಕೇಳಿ ಕುಡಿಯಿರಿ. ಎರಡು ಗಂಟೆಗೊಮ್ಮೆ ಎದ್ದು ನಡೆಯಲು ನಡುದಾರಿಯ ಪಕ್ಕದ ಸೀಟೇ ಸರಿ.

ಷಿಕಾಗೋದಿಂದ ಇನ್ನೊಂದು ಊರಿಗೆ ಹೋಗಬೇಕಿದ್ದರೆ ಗಮನ ಇಲ್ಲಿರಲಿ: ಟ್ಯಾಗಿನಲ್ಲಿ ಕೊನೆಯ ಊರೇ ಇದ್ದರೂ, ಅಮೆರಿಕದಲ್ಲಿ ಮೊದಲು ಇಳಿದ ಕಡೆ ಸಾಮಾನ್ಯವಾಗಿ ಲಗೇಜನ್ನು ನೀವೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ತಿಂಡಿ ಪದಾರ್ಥ ಇದೆ ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ. ಅಂತರರಾಷ್ಟ್ರೀಯ ವಿಮಾನ ಬರುವುದು ಟರ್ಮಿನಲ್ 5ಕ್ಕೆ, ಒಳನಾಡಿನವು ಹೆಚ್ಚಾಗಿ 1, 2, 3ರಿಂದ. ನಡುವೆ ರೈಲು, ಮತ್ತೊಮ್ಮೆ ಸೆಕ್ಯುರಿಟಿ. ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇದ್ದರೆ ಆ ಟಿಕೆಟ್ ಬೇಡ.

ಮನೆಯವರಿಗೆ ಫೋನ್ ಯಾವಾಗ ಬರುತ್ತದೆಂದು ಮೊದಲೇ ಹೇಳಿರಿ. ಆಗಸ್ಟಿನಲ್ಲಿ ಷಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ನಾಲ್ಕು ಎಂದರೆ ಇಲ್ಲಿ ರಾತ್ರಿ ಎರಡೂವರೆ. ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಮುಗಿಯಲು ಎರಡು ಗಂಟೆಯಾದರೂ ಬೇಕು, ಆ ಹೊತ್ತು ಫೋನ್ ಬಳಸಲು ಬಿಡುವುದಿಲ್ಲ. ನಾಲ್ಕೂವರೆಗೆ ಅಲಾರಾಂ ಇಟ್ಟು ಮಲಗಲಿ.