ಮೊದಲು ಗುಳಿಗೆ ಚೀಲ ತನ್ನಿ ಅಂತೇನೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಉಚ್ಚೆ ತಡೆಯೋಕೆ ಆಗಲ್ಲ ಅಂತ ವಯಸ್ಸಾದವರು ಯಾರೂ ನೇರವಾಗಿ ಹೇಳುವುದಿಲ್ಲ. ಮೊಣಕಾಲು ನೋವು, ತಲೆಸುತ್ತು ಅಂತ ಬರುತ್ತಾರೆ. ಎದ್ದು ಹೊರಟ ಮೇಲೆ ಮಗನೋ ಸೊಸೆಯೋ ಹಿಂದೆ ಉಳಿದು, "ಸರ್, ಆಯಿಗೆ ಹಾಸಿಗ್ಯಾಗೇ ಆಗ್ಲಿಕತ್ತದ್ರಿ. ವಯಸ್ಸಾಯ್ತಲ್ರಿ" ಅನ್ನುತ್ತಾರೆ.

ವಯಸ್ಸಿನ ತಲೆಗೆ ಕಟ್ಟುವ ಮೊದಲು ಮನೆಯಲ್ಲಿರುವ ಗುಳಿಗೆ ಎಲ್ಲಾ ತರಿಸುತ್ತೇನೆ. ಚೀಟಿ ಅಲ್ಲ, ಗುಳಿಗೆಗಳನ್ನೇ. ಚೀಟಿಯಲ್ಲಿ ಒಬ್ಬ ಡಾಕ್ಟರ್ ಬರೆದದ್ದಷ್ಟೇ ಇರುತ್ತದೆ. ಚೀಲದಲ್ಲಿ ಶುಗರ್‌ಗೆ ಒಬ್ಬರು, ಮೊಣಕಾಲಿಗೆ ಇನ್ನೊಬ್ಬರು ಕೊಟ್ಟದ್ದು, ಮೆಡಿಕಲ್ ಅಂಗಡಿಯ ನೆಗಡಿ ಗುಳಿಗೆ, ಪಕ್ಕದ ಮನೆಯವರು ಕೊಟ್ಟ ನಿದ್ದೆ ಗುಳಿಗೆ ಎಲ್ಲಾ ಸಿಗುತ್ತವೆ. ಉಚ್ಚೆ, ಶುಗರ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಹೇಗೂ ಮಾಡಿಸುತ್ತೇನೆ.

ಆಳಂದ ಕಡೆಯ ಒಬ್ಬ ಆಯಿಯ ಚೀಲ ಸುರಿದಾಗ ಇಡೀ ಕಥೆ ಮೇಜಿನ ಮೇಲೇ ಇತ್ತು. ಬಿಪಿಗೆ ಅಮ್ಲೋಡಿಪಿನ್, 10 ಮಿಲಿಗ್ರಾಂ. ಇದರಿಂದ ಕೆಲವರಿಗೆ ಪಾದ ಬಾಯುತ್ತದೆ, ಡೋಸ್ ಏರಿದಷ್ಟೂ ಜಾಸ್ತಿ. ಬಾವು ನೋಡಿ ಯಾರೋ ನೀರು ಇಳಿಸುವ ಫ್ಯುರೋಸೆಮೈಡ್ ಕೊಟ್ಟಿದ್ದರು. ಅದು ನುಂಗಿದ ಗಂಟೆಯೊಳಗೆ ಶುರುವಾಗಿ ಸುಮಾರು 6 ಗಂಟೆ ಕೆಲಸ ಮಾಡುತ್ತದೆ. ಆಯಿ ನುಂಗುತ್ತಿದ್ದದ್ದು ರಾತ್ರಿ ಊಟದ ಮೇಲೆ! ಪಾಯಖಾನೆ ಅಂಗಳದ ಆಚೆ. ಅಲ್ಲಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆ. ಅದಕ್ಕೆ ಮತ್ತೊಬ್ಬರು ಉಚ್ಚೆ ಹಿಡಿಯುವ ಆಕ್ಸಿಬ್ಯುಟಿನಿನ್ ಬರೆದರು. ಅದರಿಂದ ಬಾಯಿ ಒಣಗಿ ರೊಟ್ಟಿ ಗಂಟಲಲ್ಲಿ ಇಳಿಯದು, ಹೊಟ್ಟೆ ಕಟ್ಟಿತು, ಸಂಜೆಯಾದರೆ ಮಾತು ಅಡ್ಡಾದಿಡ್ಡಿ. ಹೊಟ್ಟೆ ಕಟ್ಟಿದರೆ ಮೂತ್ರಕೋಶದ ಮೇಲೆ ಒತ್ತು ಬಿದ್ದು ಸೋರುವುದು ಇನ್ನೂ ಹೆಚ್ಚುತ್ತದೆ. ಒಂದು ಗುಳಿಗೆಯ ಕಾಟಕ್ಕೆ ಇನ್ನೊಂದು, ಅದರ ಕಾಟಕ್ಕೆ ಮತ್ತೊಂದು.

ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಗುಂಡಿ ಬಿತ್ತು. ಬಾವು ಹೃದಯದ್ದೋ ಕಿಡ್ನಿಯದ್ದೋ ಅಂತ ಇಸಿಜಿ, ಎಕೋ, ರಕ್ತ ನೋಡಿದೆ. ಎರಡೂ ಅಲ್ಲ. ಅಮ್ಲೋಡಿಪಿನ್ 5ಕ್ಕೆ ಇಳಿಸಿ ಬಿಪಿಯದ್ದೇ ಇನ್ನೊಂದು ಗುಳಿಗೆ ಟೆಲ್ಮಿಸಾರ್ಟಾನ್ ಸೇರಿಸಿದೆ. ಬಾವು ಇಳಿದ ಮೇಲೆ ಫ್ಯುರೋಸೆಮೈಡ್ ನಿಲ್ಲಿಸಿದೆ. ಆಮೇಲೆ ಆಕ್ಸಿಬ್ಯುಟಿನಿನ್‌ಗೆ ಕೆಲಸವೇ ಉಳಿಯಲಿಲ್ಲ. ಒಂದೊಂದಾಗಿಯೇ ಬದಲಿಸುತ್ತೇನೆ, ನಡುನಡುವೆ ಬಿಪಿ ನೋಡುತ್ತೇನೆ. ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ಆಯಿಗೆ ರಾತ್ರಿ ಹಾಸಿಗೆ ಒದ್ದೆಯಾಗುವುದು ನಿಂತಿತು. ಕೆಮ್ಮಿದಾಗ ಒಂದೆರಡು ಹನಿ ಹೋಗುವುದು ಇದೆ. ಅದು ಹೆರಿಗೆಗಳಿಂದ ಸಡಿಲಾದ ಸ್ನಾಯುವಿನದ್ದು. ವ್ಯಾಯಾಮ ಹೇಳಿಕೊಟ್ಟಿದ್ದೇನೆ, ಆಯಿ ಮಾಡಲ್ಲವಂತೆ.

ಹೃದಯಕ್ಕೆ ಫ್ಯುರೋಸೆಮೈಡ್ ಬೇಕೇ ಬೇಕಾದವರೂ ಇದ್ದಾರೆ. ಅವರಿಗೆ ಹೊತ್ತು ಬದಲಿಸಬಹುದು ಅಷ್ಟೇ, ಬೆಳಿಗ್ಗೆಗೆ. ಬಸ್ ಹತ್ತುವ ದಿನ ಎಷ್ಟೋ ಜನ ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ದಾರಿಯಲ್ಲಿ ಎಲ್ಲಿ ಇಳಿಯೋದು, ಅಲ್ವಾ? ಬಿಡಬೇಡಿ, ಮನೆ ಮುಟ್ಟಿದ ಮೇಲೆ ಮಧ್ಯಾಹ್ನ ನುಂಗಿ ಅಂತೇನೆ. ಬಿಪಿ ಗುಳಿಗೆಯ ಹೆಸರಿನ ಕೊನೆಗೆ 'ಎಚ್' ಇದ್ದರೆ ಸ್ಟ್ರಿಪ್ ತಿರುಗಿಸಿ ನೋಡಬೇಕು. ಸಣ್ಣ ಅಕ್ಷರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ 12.5 ಅಂತ ಇರುತ್ತದೆ. ಅದೂ ನೀರು ಇಳಿಸುವುದೇ.

ಬಿಪಿಗೆ ಕೊಡುವ ಪ್ರಾಜೋಸಿನ್ ಮೂತ್ರಕೋಶದ ಬಾಯಿ ಸಡಿಲಿಸುತ್ತದೆ. ಪ್ರಾಸ್ಟೇಟ್ ತೊಂದರೆಯ ಗಂಡಸರಿಗೆ ಆ ಜಾತಿಯ ಗುಳಿಗೆ ಅನುಕೂಲ. ಹೆಂಗಸರಿಗೆ ನಕ್ಕರೂ ಸೋರಬಹುದು. ಜೊತೆಗೆ ಬಿಪಿಯದ್ದೇ ರಾಮಿಪ್ರಿಲ್‌ನಿಂದ ಒಣಕೆಮ್ಮು ಹತ್ತಿಕೊಂಡರೆ ಕೇಳೋದೇ ಬೇಡ.

ಗಂಡಸರಲ್ಲಿ ನನಗೆ ಭಯ ನೆಗಡಿ ಗುಳಿಗೆಯದ್ದು. ಒಬ್ಬ ಮುತ್ಯಾನನ್ನು ಹನಿ ಹನಿ ಸೋರುತ್ತದೆ ಅಂತ ಕರೆತಂದರು. ಕೆಳಹೊಟ್ಟೆ ತಟ್ಟಿದರೆ ಹೊಕ್ಕುಳ ಹತ್ತಿರದವರೆಗೂ ಮಂದ ಸದ್ದು. ಮೂತ್ರಕೋಶ ತುಂಬಿ ತುಳುಕುತ್ತಿತ್ತು. ಪ್ರಾಸ್ಟೇಟ್ ಮೊದಲೇ ದೊಡ್ಡದಾಗಿತ್ತು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಗುಳಿಗೆ ಉಳಿದ ದಾರಿಯನ್ನೂ ಮುಚ್ಚಿತ್ತು. ಇವರಿಗೆ ಉಚ್ಚೆ ಹಿಡಿಯುವ ಗುಳಿಗೆ ಕೊಟ್ಟಿದ್ದರೆ ಗತಿ ಏನು? ಕ್ಯಾಥೆಟರ್ ಹಾಕಿ, ನೆಗಡಿ ಗುಳಿಗೆ ಬಿಡಿಸಿದೆ. ಕಾಲುರಿಗೆ ಕೊಡುವ ಅಮಿಟ್ರಿಪ್ಟಿಲಿನ್‌ನಿಂದಲೂ ಹೀಗಾಗಬಹುದು.

ಶುಗರ್‌ನ ಡಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಅಗ್ಗವಾಯಿತು. ಈಗ ಬಹಳ ಚೀಲಗಳಲ್ಲಿ ಕಾಣುತ್ತದೆ. ಸಕ್ಕರೆಯನ್ನು ಉಚ್ಚೆಯಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಹೃದಯ, ಕಿಡ್ನಿಗೆ ಒಳ್ಳೆಯದು, ಹಾಗಾಗಿ ಬಿಡಿಸಲು ಅವಸರ ಮಾಡಲ್ಲ. ಆದರೆ ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, 42-43 ಡಿಗ್ರಿ. ಸೋರುವ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ತಲೆಸುತ್ತಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದರೆ ಸೊಂಟದ ಮೂಳೆ ಹೋಯ್ತು. ಹಗಲು ಚೆನ್ನಾಗಿ ಕುಡಿಯಿರಿ, ಮಲಗುವ ಮುಂಚೆ ಕಡಿಮೆ ಮಾಡಿ ಅಂತ ಹೇಳುತ್ತೇನೆ.

ನಿದ್ದೆ ಗುಳಿಗೆ ನುಂಗಿದವರಿಗೆ ಉಚ್ಚೆ ಬಂದದ್ದೇ ಗೊತ್ತಾಗಲ್ಲ, ಎದ್ದರೂ ತೂರಾಡುತ್ತಾರೆ. ಆದರೆ ಬಹಳ ದಿನದಿಂದ ನುಂಗುತ್ತಿದ್ದ ಆಲ್ಪ್ರಜೋಲಾಮ್ ಅನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವಾರಗಟ್ಟಲೆ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ. ಅಲ್ಲಿಯವರೆಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿಸುತ್ತೇನೆ. ಬೇಡ ಅಂತ ಮುಖ ತಿರುಗಿಸುವವರೇ ಜಾಸ್ತಿ.