ಹಳೆ ಮನೆ ದುರಸ್ತಿ: ಗೌಂಡಿಯನ್ನು ಕರೆಯುವ ಮೊದಲು, ಕರೆದ ಮೇಲೆ

ಕಲಬುರಗಿಯ ಬ್ರಹ್ಮಪುರ, ಶಹಾಬಜಾರ್, ಗಂಜ್ ಕಡೆಯ ಓಣಿಗಳಲ್ಲಿ ಇನ್ನೂ ಸಾಕಷ್ಟು ಕಲ್ಲಿನ ಮನೆಗಳಿವೆ. ದಪ್ಪ ಗೋಡೆ, ಕಾಲ ಕೆಳಗೆ ಶಹಾಬಾದ್ ಪರ್ಸಿ (ಹಾಸುಗಲ್ಲು), ತಲೆ ಮೇಲೆ ಜಂತಿ ಹಾಕಿದ ಮಣ್ಣಿನ ಮಾಳಿಗೆ. ಇಲ್ಲವೇ ಕಬ್ಬಿಣದ ಗರ್ಡರ್ ಮೇಲೆ ಹಾಸಿದ ಪರ್ಸಿ. ಮೇ ತಿಂಗಳ ಮಧ್ಯಾಹ್ನ ಬಿಸಿಲು 42 ಡಿಗ್ರಿ ದಾಟಿದಾಗ ಇಂಥ ಮನೆಯ ಪಡಸಾಲೆಯಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ಆದರೆ ಒಂದು ಮೂಲೆ ಸೋರಲು ಶುರುವಾದರೆ, ಗೋಡೆ ಉದುರಲು ಶುರುವಾದರೆ ದಿಕ್ಕೇ ತೋಚುವುದಿಲ್ಲ. ಯಾರೋ ಬಂದು ಸಿಮೆಂಟ್ ಮೆತ್ತಿ ಹೋಗುತ್ತಾರೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಹಳೆ ಮನೆಗಳ ಮುಕ್ಕಾಲು ತೊಂದರೆಗೆ ನೀರೇ ಮೂಲ. ಹಾಗಾಗಿ ದುರಸ್ತಿಗೂ ಒಂದು ಕ್ರಮ ಇದೆ. ನೀರಿನ ದಾರಿ ಮೊದಲು, ಆಮೇಲೆ ಗೋಡೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ನಿಲ್ಲುವುದಿಲ್ಲ.

ಮೊದಲು ನೀವೇ ಒಂದು ಸುತ್ತು ಹಾಕಿ

ಕೈಯಲ್ಲಿ ಟಾರ್ಚ್, ಪೆನ್ಸಿಲ್, ಒಂದು ನೋಟ್‌ಬುಕ್ ಇರಲಿ. ಮಾಳಿಗೆ ಹತ್ತಿ. ನೀರು ಹೊರಗೆ ಬೀಳುವ ದೋಣಿ ಕಟ್ಟಿಕೊಂಡಿದೆಯೇ? ಎಲ್ಲಿ ನೀರು ನಿಂತ ಗುರುತಿದೆ? ಕುಂಬಿಯ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಸಂದಿಯಲ್ಲಿ ಆಲ, ಅರಳಿ ಸಸಿ ಎದ್ದಿದೆಯೇ? ಸಣ್ಣದು ಅಂತ ಬಿಟ್ಟರೆ ಎರಡು ಮಳೆಗಾಲದಲ್ಲಿ ಅದರ ಬೇರು ಕಲ್ಲನ್ನೇ ಸೀಳುತ್ತದೆ.

ಕೆಳಗೆ ಬಂದು ಗೋಡೆಯ ತೇವ ಎಲ್ಲಿದೆ ನೋಡಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ತೇವ ಇದ್ದು, ಬಿಳಿ ಉಪ್ಪು ಅರಳಿಕೊಂಡಿದ್ದರೆ ನೀರು ಬುನಾದಿಯಿಂದ ಏರುತ್ತಿದೆ. ಗೋಡೆಯ ತಲೆಯಲ್ಲಿ ಕಲೆ ಇದ್ದರೆ ಮಾಳಿಗೆ ಸೋರುತ್ತಿದೆ. ನಡುವೆ, ಅದೂ ಬಚ್ಚಲಿನ ಪಕ್ಕದಲ್ಲೇ ಇದ್ದರೆ ಪೈಪಿನ ಮೇಲೆ ಅನುಮಾನ ಪಡಿ. ರಾತ್ರಿ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಬೆಳಿಗ್ಗೆ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಬಿರುಕಿನ ವಿಷಯದಲ್ಲಿ ಅವಸರ ಬೇಡ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಕೂತ ಗೋಡೆಯೂ ಅದರ ಜೊತೆ ಸ್ವಲ್ಪ ಅಲುಗಾಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಗಟ್ಟಿಯಾಗಿ ಅಂಟಿಸಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ. ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೂ ಗಾಜು ಹಾಗೇ ಉಳಿದರೆ ಸುಮ್ನೆ ತುಂಬಿಸಿಬಿಡಬಹುದು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಿರುಬೆರಳು ತೂರುವಷ್ಟು ಅಗಲ ಇದ್ದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಗೌಂಡಿಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅಲ್ಲಿ ಉಳಿತಾಯದ ಮಾತು ಬೇಡವೇ ಬೇಡ.

ಯಾರನ್ನು ಕರೆಯುವುದು?

ನಳದ ವಾಷರ್, ಬಾಗಿಲ ಚಿಲಕ, ಫ್ಯಾನು, ಗೀಸರ್ ಇಂಥದ್ದಕ್ಕೆ ಫೋನಿನಲ್ಲಿ ಬುಕ್ ಮಾಡಿದ ಹುಡುಗರೂ ಆಗುತ್ತಾರೆ, ಓಣಿಯ ಅಂಗಡಿಯವರು ಹೇಳಿದವರೂ ಆಗುತ್ತಾರೆ. ಮಾಳಿಗೆ, ಗೋಡೆ, ಜಂತಿಯ ಕೆಲಸಕ್ಕೆ ಮಾತ್ರ ಸುಣ್ಣ, ಕಲ್ಲು ಮುಟ್ಟಿ ಗೊತ್ತಿರುವ ಗೌಂಡಿಯೇ ಬೇಕು. ಬೆಳಿಗ್ಗೆ ಕೂಲಿ ಅಡ್ಡಾಕ್ಕೆ ಹೋಗಿ ಸಿಕ್ಕವರನ್ನು ಕರೆತರುವ ಬದಲು, ಮಠ, ದರ್ಗಾ, ಹಳೆ ವಾಡೆಗಳ ದುರಸ್ತಿ ಮಾಡಿದವರು ಯಾರು ಅಂತ ವಿಚಾರಿಸಿ.

ಬಂದವರು ಮೊದಲ ಹತ್ತು ನಿಮಿಷ ಏನು ಮಾಡುತ್ತಾರೆ ನೋಡಿ. ಹೊಸ್ತಿಲಲ್ಲೇ ನಿಂತು "ಮ್ಯಾಲ ಸಿಮೆಂಟ್ ಹೊಡದ್ರ ಮುಗೀತ್ರಿ ಅಕ್ಕಾರ" ಅನ್ನುವವರಿಗೆ ಚಹಾ ಕೊಟ್ಟು ಕಳಿಸಿ. ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿ ಪೊಳ್ಳು ಸದ್ದು ಕೇಳುವವರು, ಮೊಳೆಯಿಂದ ಸಂದಿಯ ಗಾರೆ ಕೆರೆದು ಅಂಗೈಯಲ್ಲಿ ಉಜ್ಜಿ ನೋಡುವವರು, "ಇದು ಸುಣ್ಣದ ಗ್ವಾಡಿ ಐತ್ರಿ, ಮೊದ್ಲ ನೀರು ಎಲ್ಲಿಂದ ಬರ್ತದ ನೋಡೂಣು" ಅನ್ನುವವರು ಕೆಲಸ ಬಲ್ಲವರು. ಅವರ ಕೂಲಿ ಸ್ವಲ್ಪ ಜಾಸ್ತಿ ಇದ್ದರೂ ಕೊಡಿ. ಅವರು ಮೊದಲು ಮಾಡಿದ ಒಂದು ಮನೆ ತೋರಿಸಲು ಕೇಳಿ. ಕನಿಷ್ಠ ಒಂದು ಮಳೆಗಾಲ ದಾಟಿದ ಕೆಲಸ ಆಗಿರಬೇಕು.

ಮಾಳಿಗೆ: ಮಿರಗಕ್ಕೆ ಮೊದಲೇ

ಮೃಗಶಿರ ಮಳೆ ಕೂಡುವುದು ಜೂನ್ 7, 8ರ ಹೊತ್ತಿಗೆ. ಮಾಳಿಗೆ ಕೆಲಸ ಏಪ್ರಿಲ್, ಮೇನಲ್ಲೇ ಮುಗಿಯಲಿ.

ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಆ ಮಣ್ಣು ನೀರು ಕುಡಿದು ಸಂದಿಗಳನ್ನು ಮುಚ್ಚಿಬಿಡುತ್ತದೆ, ಕೆಳಗೆ ಇಳಿಯಗೊಡುವುದಿಲ್ಲ. ರೂಢಿ ಸರಿಯಾಗಿಯೇ ಇದೆ. ಆದರೆ ಹಳೆ ಮಣ್ಣು ತೆಗೆಯದೆ ವರ್ಷಾ ವರ್ಷ ಹೊಸದು ಪೇರಿಸುತ್ತಾ ಹೋದರೆ ಅಪಾಯ. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಅಷ್ಟನ್ನೂ ಹೊರುವುದು ಜಂತಿ. ಹಾಗಾಗಿ ಮೊದಲು ಹಳೆ ಪದರ ಕೆರೆದು ತೆಗೆಸಿ, ಆಮೇಲೆ ಹೊಸದು. ಅದೇ ಹೊತ್ತಿಗೆ ಬಡಿಗರಿಂದ ಜಂತಿಯ ತುದಿಗಳನ್ನು ಪರೀಕ್ಷೆ ಮಾಡಿಸಿ. ಜಂತಿ ಹಾಳಾಗುವುದು ಸಾಮಾನ್ಯವಾಗಿ ಗೋಡೆಯೊಳಗೆ ಹೂತ ತುದಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಗೋಡೆಗೆ ಅಂಟಿದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಸಾಗವಾನಿ ಗಟ್ಟಿಯಾಗಿ ತಡೆಯಬೇಕು. ಸ್ಕ್ರೂಡ್ರೈವರಿನ ತುದಿ ಅರ್ಧ ಇಂಚು ಒಳಗೆ ಇಳಿದು ಪುಡಿ ಉದುರಿದರೆ ಹುಳ ತಿಂದಿದೆ ಇಲ್ಲವೇ ಕಟ್ಟಿಗೆ ಕೊಳೆತಿದೆ. ಆಗ ಜಂತಿಗೆ ಕೆಳಗಿನಿಂದ ಆಸರೆ ಕೊಟ್ಟ ನಂತರವೇ ಉಳಿದ ಕೆಲಸ.

ಗರ್ಡರ್ ಮೇಲೆ ಪರ್ಸಿ ಹಾಸಿದ ಮಾಳಿಗೆ ಸೋರುವುದು ಬಹಳ ಸಲ ಸಂದಿಗಳಲ್ಲಿ. ಸಂದಿಯ ಹಳೆ ಗಾರೆಯನ್ನು ಪೂರ್ತಿ ಕೆರೆದು, ಗುಡಿಸಿ, ನೀರು ಚಿಮುಕಿಸಿ ಹೊಸದು ತುಂಬಿಸಬೇಕು. ಮೇಲಿಂದ ಮೇಲೆ ಬಳಿದರೆ ಒಂದು ಬೇಸಿಗೆಗೇ ಬಾಯಿ ಬಿಡುತ್ತದೆ. ಎಂಟು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ದೋಣಿಯ ಕಡೆಗೆ ಇರಲಿ. ಮುಗಿದ ಮೇಲೆ ಬಿಳಿ ಸುಣ್ಣ ಬಳಿಸಿದರೆ ಒಳಗಿನ ಕಾವೂ ಕಡಿಮೆಯಾಗುತ್ತದೆ.

ಗೋಡೆ: ಸುಣ್ಣಕ್ಕೆ ಸುಣ್ಣವೇ

ಜಾಸ್ತಿ ದುಡ್ಡು ಹಾಳಾಗುವುದು ಇಲ್ಲಿ. ಹಳೆ ಕಲ್ಲಿನ ಗೋಡೆ ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅದು ತೇವ ಹೀರುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ತೇವ ಹೊರಬರುವ ದಾರಿ ಮುಚ್ಚುತ್ತದೆ. ಒಳಗೇ ಉಳಿದ ನೀರು ಮೇಲಕ್ಕೆ ಏರುತ್ತದೆ, ಉಪ್ಪು ಕಟ್ಟುತ್ತದೆ, ಕೊನೆಗೆ ಪ್ಲಾಸ್ಟರನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ವಾಟರ್‌ಪ್ರೂಫ್ ಪೇಂಟ್, ಆಯಿಲ್ ಪೇಂಟ್ ಮಾಡುವುದೂ ಇದನ್ನೇ.

ಮೊದಲು ಹೊರಗೆ ಹೋಗಿ. ಓಣಿಯ ಸಿಸಿ ರಸ್ತೆ ಪದರದ ಮೇಲೆ ಪದರ ಏರಿ ನಿಮ್ಮ ಹೊಸ್ತಿಲ ಮಟ್ಟಕ್ಕೆ ಬಂದಿದೆಯೇ? ಬಚ್ಚಲ ನೀರು ಗೋಡೆ ಬುಡದಲ್ಲೇ ಇಂಗುತ್ತಿದೆಯೇ? ಆ ನೀರನ್ನು ಸಣ್ಣ ಕಾಲುವೆ ಮಾಡಿ ದೂರ ಸಾಗಿಸಿ. ಇದಾಗದೆ ಒಳಗಿನ ಕೆಲಸ ಮುಟ್ಟಬೇಡಿ.

ಆಮೇಲೆ ತೇವದ ಗುರುತಿಗಿಂತ ಒಂದು ಅಡಿ ಮೇಲಿನವರೆಗೂ ಸಿಮೆಂಟ್ ಪ್ಲಾಸ್ಟರ್ ತೆಗೆಸಿ. ಉಳಿ, ಸುತ್ತಿಗೆಯಿಂದ ನಿಧಾನಕ್ಕೆ. ಬ್ರೇಕರ್ ಮಷಿನ್ ಹಚ್ಚಿದರೆ ಕಲ್ಲಿನ ಸಂದಿಗಳೇ ಸಡಿಲ ಆಗುತ್ತವೆ. ತೆರೆದ ಗೋಡೆಯನ್ನು ಕೆಲವು ವಾರ ಹಾಗೇ ಒಣಗಲು ಬಿಡಿ. ಮನೆಗೆ ಬಂದವರು ಏನಂದುಕೊಳ್ಳುತ್ತಾರೋ ಅಂತ ಇಲ್ಲಿ ಅವಸರ ಮಾಡುವವರೇ ಬಹಳ. ದಯವಿಟ್ಟು ಮಾಡಬೇಡಿ.

ಸುಣ್ಣದ ಹರಳನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ, ಕೆಲಸದವರಿಗೆ ಕನ್ನಡಕ, ಕೈಗವಸು ಕೊಡಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಹೀಗೆ ಅರಳಿದ ಸುಣ್ಣ ಕನಿಷ್ಠ 15 ದಿನ ನೀರಿನಡಿ ಇರಬೇಕು. ಎಷ್ಟು ದಿನ ನೆನೆದರೆ ಅಷ್ಟು ಬೆಣ್ಣೆಯಾಗುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಉಸುಕು. ತೇವದ ಜಾಗವಾದರೆ ಸ್ವಲ್ಪ ಇಟ್ಟಂಗಿ ಪುಡಿಯನ್ನೂ ಸೇರಿಸುತ್ತಾರೆ. ಗೋಡೆಗೆ ನೀರು ಹೊಡೆದು, ಒಂದು ಪದರ ಅರ್ಧ ಇಂಚು ಮೀರದಂತೆ ಹಾಕಿ, ಅದು ಬಿಗಿದ ಮೇಲೆ ಇನ್ನೊಂದು. ಒದ್ದೆ ಗೋಣಿಚೀಲ ಇಳಿಬಿಟ್ಟು ಒಂದು ವಾರವಾದರೂ ತೇವ ಕಾಯಬೇಕು. ಮೇ ಬಿಸಿಲಿಗೆ ಮಾಡಿದ ಸುಣ್ಣದ ಗಾರೆ ಬೇಗ ಒಣಗಿ ಸೀಳುತ್ತದೆ. ಅದಕ್ಕೇ ಗೋಡೆ ಕೆಲಸ ದಸರಾ ಆದಮೇಲೆ, ಚಳಿಗಾಲದಲ್ಲಿ ಒಳ್ಳೆಯದು. ಬಣ್ಣಕ್ಕೂ ಸುಣ್ಣವೇ ಸಾಕು.

ವೈರು, ಪೈಪು, ಪರ್ಸಿ

ಕಟ್ಟಿಗೆ ಪಟ್ಟಿಯ ಮೇಲೆ ಎಳೆದ ಹಳೆ ವೈರು ಇನ್ನೂ ಇದ್ದರೆ ಪೂರ್ತಿ ಬದಲಿಸಿ, ತುಂಡು ಜೋಡಿಸಬೇಡಿ. ಲೈಟು, ಫ್ಯಾನಿಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಸಾಕೆಟ್‌ಗೆ 2.5, ಎಸಿ, ಗೀಸರ್‌ಗೆ 4. ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಬೇಕೇ ಬೇಕು. ತೇವದ ಗೋಡೆಯಲ್ಲಿ ಜೀವ ಉಳಿಸುವುದು ಅದೇ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ವೈರಿಗಾಗಿ ಕಲ್ಲಿನ ಗೋಡೆಯಲ್ಲಿ ಉದ್ದಕ್ಕೆ ಕೊರೆಸಬೇಡಿ, ಮೇಲಿನಿಂದಲೇ ಪೈಪು ಹಾಯಿಸಿ. ತುಕ್ಕು ಹಿಡಿದ ಜಿಐ (ಕಬ್ಬಿಣದ) ನೀರಿನ ಪೈಪನ್ನೂ ಪೂರ್ತಿ ಬದಲಿಸಿ: ತೇಪೆ ಬೇಡ, ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿಸಿ.

ಪರ್ಸಿ ಸುಣ್ಣದ ಕಲ್ಲು. ಬಚ್ಚಲು ತೊಳೆಯುವ ಆ್ಯಸಿಡ್ ಒಂದು ಹನಿ ಬಿದ್ದರೂ ಬುರುಬುರು ನೊರೆ ಬಂದು ಮೈ ಒರಟಾಗುತ್ತದೆ. ಕಲೆ ಹೋಗಲಿ ಅಂತ ಆ್ಯಸಿಡ್ ಹಾಕುವವರನ್ನು ಅಲ್ಲೇ ತಡೆಯಿರಿ. ಸಾಬೂನು ನೀರು, ಬ್ರಷ್ ಸಾಕು.

ಕಾಗದ, ಲೆಕ್ಕ

ಕೋಟೆಯ ಹತ್ತಿರ ಇರುವವರು ಒಂದು ವಿಷಯ ಗಮನಿಸಿ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ದುರಸ್ತಿಗೂ ಮೊದಲೇ ಅನುಮತಿ ಪಡೆಯಬೇಕು. ಕಲಬುರಗಿ ಕೋಟೆಗೂ ಬೀದರ್ ಕೋಟೆಗೂ ಇದು ಅನ್ವಯ.

ಗೌಂಡಿಯ ಜೊತೆ ಮಾತಾದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಕೆಲಸ, ದಿನಗೂಲಿಯೋ ಗುತ್ತಿಗೆಯೋ, ಸಾಮಾನು ಯಾರು ತರುವುದು, ಕಸ ಯಾರು ಸಾಗಿಸುವುದು. ಹುಡುಕುತ್ತಾ ಹೋದಂತೆ ಕೆಲಸ ಬೆಳೆಯುವ ಹಳೆ ಮನೆಯಲ್ಲಿ ಪೂರ್ತಿ ಗುತ್ತಿಗೆ ಕೊಟ್ಟರೆ ಜಗಳ ಖಚಿತ. ತೆರೆದು ನೋಡುವ ಕೆಲಸಕ್ಕೆ ದಿನಗೂಲಿ, ಅಳತೆ ಸಿಕ್ಕ ಮೇಲೆ ಗುತ್ತಿಗೆ ಮಾಡಿಕೊಂಡರೆ ಇಬ್ಬರಿಗೂ ಅನುಕೂಲ. ವಾರದ ಬಟವಾಡೆ ತಪ್ಪಿಸಬೇಡಿ, ಅವರ ಮನೆಯ ಒಲೆ ಅದರ ಮೇಲೆಯೇ ನಡೆಯುತ್ತದೆ. ಮಾಳಿಗೆ ಗುತ್ತಿಗೆಯ ಒಂದು ಸಣ್ಣ ಭಾಗವನ್ನು ಮಾತ್ರ, ಮೊದಲೇ ಹೇಳಿ ಒಪ್ಪಿಸಿಕೊಂಡು, ಮೊದಲ ದೊಡ್ಡ ಮಳೆ ಆಗುವವರೆಗೆ ಇಟ್ಟುಕೊಳ್ಳಿ. ಮಳೆ ಬಂದ ಮರುದಿನ ಗೌಂಡಿಯನ್ನು ಕರೆಸಿ, ಇಬ್ಬರೂ ಕೂಡಿ ಮಾಳಿಗೆಯ ಕೆಳಗೆಲ್ಲ ನೋಡಿ, ಬಾಕಿ ಅವತ್ತೇ ಕೊಟ್ಟುಬಿಡಿ.